ಮಾಮೂಲಿ ಜ್ವರ, ತಲೆನೋವು, ಗ್ಯಾಸ್ಟ್ರಿಕ್: ಯಾವಾಗ ಕಾಯಬಾರದು?

ಜ್ವರ, ತಲೆನೋವು, ಎದೆಯುರಿ, ಹೊಟ್ಟೆನೋವು, ಸೊಂಟನೋವು, ಭೇದಿ. ಯಾವುದೇ ತಾಲೂಕು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಸಾಲಿನಲ್ಲಿ ನಿಂತವರನ್ನು ಕೇಳಿ, ಬಹುತೇಕರು ಹೇಳುವುದು ಇವುಗಳಲ್ಲೊಂದನ್ನೇ. ಹೆಚ್ಚಿನವರು ಒಂದೆರಡು ದಿನದ ಮಾತ್ರೆ, ವಿಶ್ರಾಂತಿಯಲ್ಲಿ ಸುಧಾರಿಸುತ್ತಾರೆ. ಆದರೆ ಹೃದಯಾಘಾತ ಆಗುತ್ತಿರುವವರೂ, ಮೆದುಳಿನಲ್ಲಿ ರಕ್ತ ಸೋರುತ್ತಿರುವವರೂ, ಡೆಂಗಿಯಿಂದ ರಕ್ತದೊತ್ತಡ ಕುಸಿಯುವ ಹಂತದಲ್ಲಿರುವವರೂ ಬಾಯಲ್ಲಿ ಹೇಳುವುದು ಇದೇ ಮಾತುಗಳನ್ನು: "ಸ್ವಲ್ಪ ಗ್ಯಾಸ್ಟ್ರಿಕ್ ಆಗಿದೆ", "ತಲೆ ಸಿಡೀತಾ ಇದೆ", "ಜ್ವರ ಬಿಡ್ತು, ಸುಸ್ತು ಒಂದೇ".

ಮನೆಯವರು ಎಡವುವುದು ನೋವು ಎಷ್ಟು ಜೋರಾಗಿದೆ ಎಂದು ಅಳೆಯುವುದರಲ್ಲಿ. ಕಿಡ್ನಿ ಕಲ್ಲಿನ ನೋವಿಗೆ ಮನುಷ್ಯ ನೆಲದ ಮೇಲೆ ಹೊರಳಾಡುತ್ತಾನೆ, ಆದರೂ ಅದರಿಂದ ಜೀವ ಹೋಗುವುದು ಅಪರೂಪ. 20 ವರ್ಷದಿಂದ ಸಕ್ಕರೆ ಕಾಯಿಲೆ ಇರುವ ಅಜ್ಜಿಗೆ ಹೃದಯಾಘಾತವಾದರೆ ನೋವೇ ಇಲ್ಲದಿರಬಹುದು, ಬರೀ ಬೆವರು ಮತ್ತು ಏದುಸಿರು. ಹಾಗಾಗಿ ನೋವಿನ ಜೋರಿಗಿಂತ ಮುಖ್ಯವಾದ ಪ್ರಶ್ನೆಗಳು ಮೂರು. ಶುರುವಾದದ್ದು ಹೇಗೆ, ನಿಧಾನವಾಗಿಯೋ ಥಟ್ಟನೆಯೋ? ಜೊತೆಗೆ ಇನ್ನೇನು ಕಾಣಿಸುತ್ತಿದೆ? ಇದು ಯಾರಿಗೆ ಆಗಿದೆ? ಮೂರು ತಿಂಗಳೊಳಗಿನ ಕೂಸು, ಗರ್ಭಿಣಿ, ಬಾಣಂತಿ, 60 ದಾಟಿದವರು, ಮಧುಮೇಹಿಗಳು, ಡಯಾಲಿಸಿಸ್ ಅಥವಾ ಕೀಮೋದಲ್ಲಿರುವವರು, ಸ್ಟಿರಾಯ್ಡ್ ಇಲ್ಲವೇ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಎಂದರೆ ಸಣ್ಣ ದೂರನ್ನೂ ಒಂದು ಮೆಟ್ಟಿಲು ಮೇಲೇರಿಸಿ ನೋಡಬೇಕು.

ಮೊದಲ ಹೆಜ್ಜೆ: ಎರಡು ನಿಮಿಷ ರೋಗಿಯನ್ನು ನೋಡಿ

ದೂರು ಯಾವುದೇ ಇರಲಿ, ಕಾಯಿಲೆಯ ಹೆಸರು ಹುಡುಕುವ ಮೊದಲು ಇವಿಷ್ಟನ್ನು ನೋಡಿ.

ಪ್ರಜ್ಞೆ. ಹೆಸರು, ಇರುವ ಜಾಗ, ಇವತ್ತಿನ ವಾರ ಕೇಳಿ. ಎಂದೂ ತಡವರಿಸದವರು ತಡವರಿಸಿದರೆ, ಅಸಂಬದ್ಧ ಮಾತಾಡಿದರೆ, ಎಬ್ಬಿಸಿದಷ್ಟೂ ಮಂಪರಿಗೆ ಜಾರಿದರೆ ಅಲ್ಲಿಗೆ ಮನೆಮದ್ದಿನ ಹೊತ್ತು ಮುಗಿಯಿತು. ಮಧುಮೇಹಿಯಾದರೆ ಮೊದಲು ಗ್ಲುಕೋಮೀಟರ್ ಹಿಡಿಯಿರಿ. 70ಕ್ಕಿಂತ ಕಡಿಮೆ ಇದ್ದು, ನುಂಗುವಷ್ಟು ಎಚ್ಚರವಿದ್ದರೆ ಮೂರು ಚಹಾ ಚಮಚ ಸಕ್ಕರೆಯನ್ನು ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು, ಸಕ್ಕರೆ, ಕಾಫಿ ಯಾವುದನ್ನೂ ಹಾಕಬೇಡಿ. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಉಸಿರು. ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿ, 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಡಿ. ಎಣಿಸುತ್ತಿರುವುದು ಅವರಿಗೆ ಗೊತ್ತಾದರೆ ಉಸಿರಿನ ಓಟ ಬದಲಾಗುತ್ತದೆ, ಅದಕ್ಕೆ ನಾಡಿ ನೋಡುವವರಂತೆ ಮಣಿಕಟ್ಟು ಹಿಡಿದುಕೊಂಡು ಎದೆಯ ಏರಿಳಿತ ಎಣಿಸಿ. ಆರೋಗ್ಯವಂತ ವಯಸ್ಕರಲ್ಲಿ 12ರಿಂದ 20. ಸುಮ್ಮನೆ ಕುಳಿತಿದ್ದಾಗಲೂ 22 ದಾಟಿದರೆ ಎಚ್ಚರ, 30 ಮುಟ್ಟಿದರೆ ಆಂಬುಲೆನ್ಸ್. ಒಂದೇ ಉಸಿರಿಗೆ ಒಂದು ವಾಕ್ಯ ಮುಗಿಸಲು ಆಗದವರ ವಿಷಯದಲ್ಲಿ ಎಣಿಕೆಯೂ ಬೇಡ, ಹೊರಡಿ.

ಪಲ್ಸ್ ಆಕ್ಸಿಮೀಟರ್ ಇದ್ದರೆ ಬೆರಳು ಬೆಚ್ಚಗೆ ಮಾಡಿ, ನೇಲ್ ಪಾಲಿಶ್ ತೆಗೆದು, ಅರ್ಧ ನಿಮಿಷ ಅಂಕಿ ನಿಲ್ಲಲು ಬಿಡಿ. 94ಕ್ಕಿಂತ ಕೆಳಗಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಿ, 90ಕ್ಕಿಂತ ಕೆಳಗೆ ತುರ್ತು. ಬಹಳ ಕಾಲದ ಶ್ವಾಸಕೋಶದ ಕಾಯಿಲೆ ಇರುವವರಿಗೆ ಅವರ ವೈದ್ಯರು ಹೇಳಿದ ಅಂಕಿಯೇ ಅಳತೆ.

ಕೈಕಾಲು. ಬೆರಳ ತುದಿಯನ್ನು 5 ಸೆಕೆಂಡ್ ಒತ್ತಿ ಬಿಡಿ. ಬಿಳಿಚಿದ ಜಾಗಕ್ಕೆ 2 ಸೆಕೆಂಡ್‌ನೊಳಗೆ ಬಣ್ಣ ಮರಳಬೇಕು. 3 ಸೆಕೆಂಡ್ ಮೀರಿದರೆ, ಜೊತೆಗೆ ಕೈಕಾಲು ತಣ್ಣಗಿದ್ದು ಅಂಟಂಟು ಬೆವರಿದ್ದರೆ, ರಕ್ತ ಸಂಚಾರ ಸೋಲುತ್ತಿದೆ. ಬಿಪಿ ಯಂತ್ರದಲ್ಲಿ ಮೇಲಿನ ಅಂಕಿ 100ಕ್ಕೆ ಇಳಿಯುವ ಮೊದಲೇ ಈ ಗುರುತು ಕಾಣಿಸಿಕೊಳ್ಳುವುದುಂಟು.

ಮೂತ್ರ. "ಕೊನೆಗೆ ಒಂದಕ್ಕೆ ಹೋಗಿದ್ದು ಯಾವಾಗ?" ಈ ಪ್ರಶ್ನೆಯನ್ನು ಮನೆಯಲ್ಲಿ ಬಹಳ ಜನ ಕೇಳುವುದೇ ಇಲ್ಲ, ಆದರೆ ಇದರಷ್ಟು ಬೆಲೆಯುಳ್ಳ ಪ್ರಶ್ನೆ ಕಡಿಮೆ. ಜ್ವರ, ವಾಂತಿ, ಭೇದಿಯಲ್ಲಿ 6 ಗಂಟೆ ಮೂತ್ರವೇ ಆಗಿಲ್ಲವೆಂದರೆ ದೇಹದಲ್ಲಿ ನೀರು ಸಾಲುತ್ತಿಲ್ಲ, ಅಥವಾ ಕಿಡ್ನಿಗೆ ರಕ್ತ ತಲುಪುತ್ತಿಲ್ಲ.

ಎದೆಯುರಿ, ಗ್ಯಾಸ್ಟ್ರಿಕ್

ನಮ್ಮಲ್ಲಿ ಅತಿ ಹೆಚ್ಚು ಹೊತ್ತು ಹಾಳಾಗುವುದು ಇಲ್ಲಿ. ಜೀರಿಗೆ ಕಷಾಯ, ಸೋಡಾ, ಪ್ಯಾಂಟೊಪ್ರಜೋಲ್ ಮಾತ್ರೆ, ಸ್ವಲ್ಪ ಅಡ್ಡಾಡಿಸುವುದು, ಬೆನ್ನು ತಿಕ್ಕುವುದು, ಕೊನೆಗೆ "ಬೆಳಿಗ್ಗೆ ನೋಡೋಣ". ಹೃದಯದ ಕೆಳಭಾಗಕ್ಕೆ ರಕ್ತ ಹರಿಯುವುದು ನಿಂತಾಗ ನೋವು ಹೊಟ್ಟೆಯ ಮೇಲ್ಭಾಗದಲ್ಲೇ ಬರಬಹುದು, ವಾಂತಿಯೂ ಆಗಬಹುದು, ತೇಗು ಬಂದು ಒಂದು ಕ್ಷಣ ಹಗುರ ಎನಿಸುವುದೂ ಉಂಟು. ತೇಗು ಬಂತು ಎಂಬುದು ಹೃದಯ ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ಹೃದಯದ ಕಡೆಗೆ ಬೆರಳು ತೋರುವ ಗುರುತುಗಳು ಹೀಗಿರುತ್ತವೆ. ನೋವು ಎನ್ನುವುದಕ್ಕಿಂತ ಒತ್ತಿದಂತೆ, ಬಿಗಿದಂತೆ, ಭಾರ ಇಟ್ಟಂತೆ ಎನ್ನುತ್ತಾರೆ. ತೋರಿಸು ಎಂದರೆ ಒಂದು ಬೆರಳಿಡುವುದಿಲ್ಲ, ಅಂಗೈಯನ್ನೋ ಮುಷ್ಟಿಯನ್ನೋ ಎದೆಯ ನಡುವೆ ಇಡುತ್ತಾರೆ. ಎಡಗೈ, ಎರಡೂ ಭುಜ, ದವಡೆ, ಕುತ್ತಿಗೆ, ಬೆನ್ನಿಗೆ ಹರಡುತ್ತದೆ. ಫ್ಯಾನಿನ ಕೆಳಗೆ ಕುಳಿತಿದ್ದರೂ ಅಂಗಿ ಒದ್ದೆಯಾಗುವಷ್ಟು ಬೆವರು. ಮೆಟ್ಟಿಲು ಹತ್ತಿದರೆ ಹೆಚ್ಚು, ನಿಂತರೆ ಕಡಿಮೆ. ವಿಶ್ರಾಂತಿಯಲ್ಲೂ 15 ನಿಮಿಷ ಮೀರಿ ನಿಂತಿತೆಂದರೆ ಹೃದಯಾಘಾತವೆಂದೇ ನಡೆದುಕೊಳ್ಳಿ. ಹೆಂಗಸರಲ್ಲಿ, ಮಧುಮೇಹಿಗಳಲ್ಲಿ, ವಯಸ್ಸಾದವರಲ್ಲಿ ಇವ್ಯಾವುವೂ ಇಲ್ಲದೆ ದಿಢೀರ್ ಸುಸ್ತು, ಏದುಸಿರು, ತಲೆಸುತ್ತು ಅಷ್ಟೇ ಇರಬಹುದು.

ಮಾಡಬೇಕಾದ್ದು: ನಡೆಸಬೇಡಿ, ಮೆಟ್ಟಿಲು ಇಳಿಸುವುದಾದರೆ ಕುರ್ಚಿಯಲ್ಲಿ ಕೂರಿಸಿ ಇಳಿಸಿ. 108ಕ್ಕೆ ಕರೆ ಮಾಡಿ. ರೋಗಿಯೇ ಬೈಕ್, ಕಾರು ಓಡಿಸಿಕೊಂಡು ಹೋಗುವುದು ಬೇಡವೇ ಬೇಡ. ಇಸಿಜಿ ಇಲ್ಲದ ಕ್ಲಿನಿಕ್‌ಗೆ ಹೋಗಿ ಒಂದು ಇಂಜೆಕ್ಷನ್ ಹಾಕಿಸಿಕೊಂಡು ಬರುವುದರಲ್ಲಿ ಅರ್ಧ ಗಂಟೆ ಹೋಗುತ್ತದೆ, ಹೃದಯದ ಸ್ನಾಯು ಆ ಅರ್ಧ ಗಂಟೆಯೂ ಸಾಯುತ್ತಲೇ ಇರುತ್ತದೆ. ಆಸ್ಪತ್ರೆ ತಲುಪಿದ 10 ನಿಮಿಷದೊಳಗೆ ಇಸಿಜಿ ಆಗಬೇಕು ಎಂಬುದು ನಿಯಮ, ಧೈರ್ಯವಾಗಿ ಕೇಳಿ. ಕರ್ನಾಟಕದ ಹಲವು ತಾಲೂಕು ಆಸ್ಪತ್ರೆಗಳಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಇಸಿಜಿಯನ್ನು ಹೃದ್ರೋಗ ಕೇಂದ್ರಕ್ಕೆ ಕಳಿಸಿ, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಹಾಗಾಗಿ ದೂರದ ದೊಡ್ಡ ಊರೇ ಬೇಕೆಂದು ಹತ್ತಿರದ ತಾಲೂಕು ಆಸ್ಪತ್ರೆಯನ್ನು ದಾಟಿ ಹೋಗಬೇಡಿ. ಆ ಇಂಜೆಕ್ಷನ್ ಮೊದಲ ಒಂದೆರಡು ಗಂಟೆಯಲ್ಲಿ ಮಾಡುವಷ್ಟು ಉಪಕಾರ ಆಮೇಲೆ ಮಾಡುವುದಿಲ್ಲ, 12 ಗಂಟೆ ಕಳೆದರೆ ಸಾಮಾನ್ಯವಾಗಿ ಕೊಡುವುದೂ ಇಲ್ಲ.

108ರವರೋ ವೈದ್ಯರೋ ಫೋನಿನಲ್ಲಿ ಹೇಳಿದರೆ 300ರಿಂದ 325 ಮಿ.ಗ್ರಾಂ. ಆಸ್ಪಿರಿನ್ ಅಗಿದು ನುಂಗಲಿ. 75ರ ಮಾತ್ರೆ ಮಾತ್ರ ಇದ್ದರೆ ನಾಲ್ಕು. ಆಸ್ಪಿರಿನ್ ಅಲರ್ಜಿ, ರಕ್ತವಾಂತಿ ಅಥವಾ ಕಪ್ಪು ಮಲ, ಬೆನ್ನಿನವರೆಗೆ ಸೀಳಿದಂತೆ ಬಂದ ನೋವು, ಲಕ್ವದ ಗುರುತು, ಡೆಂಗಿ ಅನುಮಾನ ಇದ್ದರೆ ಆಸ್ಪಿರಿನ್ ಬೇಡ. ಪಕ್ಕದ ಮನೆಯವರ ಸಾರ್ಬಿಟ್ರೇಟ್ (ಹೃದಯದ ಎದೆನೋವಿಗೆ ಕೊಡುವ) ಮಾತ್ರೆಯನ್ನು ತಂದು ನಾಲಿಗೆ ಕೆಳಗಿಡುವ ರೂಢಿ ಈಚೆಗೆ ಹೆಚ್ಚಿದೆ. ಬಿಪಿ ಮೊದಲೇ ಇಳಿದಿದ್ದರೆ ಅದು ಇನ್ನಷ್ಟು ಇಳಿಸಿ ಕುಸಿದು ಬೀಳುವಂತೆ ಮಾಡುತ್ತದೆ, ಅವರವರ ವೈದ್ಯರು ಬರೆದುಕೊಟ್ಟಿದ್ದರಷ್ಟೇ ಬಳಸಿ.

ಮೊದಲ ಇಸಿಜಿ ನಾರ್ಮಲ್ ಎಂದ ಮಾತ್ರಕ್ಕೆ ಎದ್ದು ಬರಬೇಡಿ. ನೋವು ಹಾಗೇ ಇದ್ದರೆ 15ರಿಂದ 30 ನಿಮಿಷಕ್ಕೊಮ್ಮೆ ಮತ್ತೆ ತೆಗೆಯಬೇಕಾಗುತ್ತದೆ. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತದಲ್ಲಿ ಕಾಣುವ ಟ್ರೋಪೋನಿನ್ ಎಂಬ ಅಂಶ ಏರಲೂ ಕೆಲವು ಗಂಟೆ ಬೇಕು, ನೋವು ಶುರುವಾದ ಒಂದೇ ಗಂಟೆಯಲ್ಲಿ ಮಾಡಿಸಿದ ಪರೀಕ್ಷೆ ಹುಸಿ ಧೈರ್ಯ ಕೊಡಬಹುದು.

ತಲೆನೋವು, ಮತ್ತು ಲಕ್ವ

ವರ್ಷಗಟ್ಟಲೆಯಿಂದ ಒಂದೇ ರೀತಿ ಬಂದುಹೋಗುವ ಮೈಗ್ರೇನ್ ಅಪಾಯದ್ದಲ್ಲ. ಹೊಸ ಬಗೆಯ ತಲೆನೋವು ಯೋಚಿಸಬೇಕಾದ್ದು. ಥಟ್ಟನೆ ಬಂದು ಒಂದು ನಿಮಿಷದೊಳಗೆ ತುತ್ತತುದಿ ಮುಟ್ಟಿದ ತಲೆನೋವು, ಜೀವಮಾನದಲ್ಲಿ ಇಂಥದ್ದು ಕಂಡಿಲ್ಲ ಎನ್ನುವಂಥದ್ದು, ಮೆದುಳಿನ ರಕ್ತನಾಳ ಒಡೆದಿರುವುದರ ಗುರುತಾಗಿರಬಹುದು. ಮಾತ್ರೆಗೆ ಕಡಿಮೆಯಾದರೂ ಅದೇ ದಿನ ಸಿಟಿ ಸ್ಕ್ಯಾನ್ ಆಗಬೇಕು. ಜ್ವರದ ಜೊತೆ ಗದ್ದ ಎದೆಗೆ ತಾಕಿಸಲಾಗದಷ್ಟು ಕತ್ತು ಬಿಗಿದಿದ್ದರೆ ಮೆದುಳು ಪೊರೆಯ ಉರಿಯೂತ ಇರಬಹುದು. ಮಲಗಿದಾಗ, ಕೆಮ್ಮಿದಾಗ ಜೋರಾಗಿ, ಬೆಳಗಿನ ಜಾವ ವಾಂತಿಯೊಂದಿಗೆ ಎಬ್ಬಿಸುವ ನೋವು ತಲೆಯೊಳಗಿನ ಒತ್ತಡದ ಸೂಚನೆ. 50 ದಾಟಿದ ಮೇಲೆ ಮೊದಲ ಸಲ ಶುರುವಾಗಿ, ಕಣತಲೆ ಮುಟ್ಟಿದರೆ ನೋವು, ಊಟ ಅಗಿಯುವಾಗ ದವಡೆ ಸೋಲುವುದು ಇದ್ದರೆ ಕಣ್ಣಿನ ದೃಷ್ಟಿಯೇ ಹೋಗುವ ಭಯವಿದೆ, ಆ ದಿನವೇ ತೋರಿಸಿ. ವಯಸ್ಸಾದವರು ಎರಡು ಮೂರು ವಾರದ ಹಿಂದೆ ಬಚ್ಚಲಲ್ಲಿ ಜಾರಿ ತಲೆಗೆ ಪೆಟ್ಟು ಮಾಡಿಕೊಂಡಿದ್ದರೆ, ಅದೂ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಾದರೆ, ಈಗಿನ ಮಂಪರು ಮತ್ತು ತಲೆನೋವಿಗೆ ಆ ಪೆಟ್ಟೇ ಕಾರಣವಿರಬಹುದು. ಆಗ ಏನೂ ಆಗಲಿಲ್ಲ ಎಂದು ಮರೆತುಬಿಟ್ಟಿರುತ್ತೀರಿ.

ಬೆಂಗಳೂರಿನ ಸಣ್ಣ ಬಚ್ಚಲುಗಳಿಗೆ ಸೇರಿದ ಒಂದು ಮಾತು. ಗ್ಯಾಸ್ ಗೀಸರ್ ಒಳಗೇ ಇದ್ದು, ಕಿಟಕಿ ಮುಚ್ಚಿ ಸ್ನಾನ ಮಾಡಿದ ಮೇಲೆ ತಲೆನೋವು, ವಾಕರಿಕೆ, ತಲೆಸುತ್ತು ಬಂದರೆ, ಅದರಲ್ಲೂ ಮನೆಯಲ್ಲಿ ಇಬ್ಬರಿಗೆ ಒಟ್ಟಿಗೆ ಬಂದರೆ, ಅದು ಕಾರ್ಬನ್ ಮಾನಾಕ್ಸೈಡ್ ವಿಷ. ಆ ಅನಿಲಕ್ಕೆ ವಾಸನೆ ಇಲ್ಲ. ಬೆರಳಿನ ಆಕ್ಸಿಮೀಟರ್ ಆ ಹೊತ್ತಿನಲ್ಲೂ 98 ಎಂದೇ ತೋರಿಸುತ್ತದೆ, ಏಕೆಂದರೆ ಅದಕ್ಕೆ ಆಮ್ಲಜನಕ ಹೊತ್ತ ರಕ್ತಕ್ಕೂ ಈ ವಿಷ ಹೊತ್ತ ರಕ್ತಕ್ಕೂ ಫರಕು ತಿಳಿಯುವುದಿಲ್ಲ. ಗೀಸರ್ ಆರಿಸಿ, ಬಾಗಿಲು ಕಿಟಕಿ ತೆರೆದು, ಹೊರಗೆ ತಂದು, ಆಮ್ಲಜನಕ ಕೊಡುವ ಆಸ್ಪತ್ರೆಗೆ ಒಯ್ಯಿರಿ.

ಲಕ್ವದಲ್ಲಿ ಸಾಮಾನ್ಯವಾಗಿ ನೋವೇ ಇರುವುದಿಲ್ಲ, ಅದಕ್ಕೇ ಜನ ಕಾಯುತ್ತಾರೆ. ನಗಲು ಹೇಳಿ, ಬಾಯಿ ಒಂದು ಕಡೆ ಸೊಟ್ಟಗಾಗುತ್ತದೆಯೇ ನೋಡಿ. ಕಣ್ಣು ಮುಚ್ಚಿಸಿ ಎರಡೂ ಕೈಗಳನ್ನು ಅಂಗೈ ಮೇಲೆ ಮಾಡಿ 10 ಸೆಕೆಂಡ್ ಮುಂದೆ ಚಾಚಲು ಹೇಳಿ, ಒಂದು ಕೈ ಕೆಳಗೆ ಜಾರುತ್ತದೆಯೇ? "ಇವತ್ತು ಬೆಳಿಗ್ಗೆ ಮಳೆ ಬಂತು" ಎಂಬಂಥ ಒಂದು ವಾಕ್ಯ ಹೇಳಿಸಿ, ತೊದಲುತ್ತಾರೆಯೇ? ನಡೆಯುವಾಗ ಥಟ್ಟನೆ ಓಲಾಡುವುದು, ಒಂದು ಕಣ್ಣಿಗೆ ಕತ್ತಲೆ ಕವಿಯುವುದು ಕೂಡ ಲೆಕ್ಕಕ್ಕೆ ಬರುತ್ತದೆ. ಇವುಗಳಲ್ಲಿ ಒಂದಿದ್ದರೂ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೊರಡಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವ ಗಡುವು ನಾಲ್ಕೂವರೆ ಗಂಟೆ. ಗಡುವು ಎಣಿಸುವುದು ನೀವು ಗಮನಿಸಿದ ಹೊತ್ತಿನಿಂದಲ್ಲ, ಅವರು ಕೊನೆಯ ಬಾರಿ ಸರಿಯಿದ್ದ ಹೊತ್ತಿನಿಂದ. ರಾತ್ರಿ 10ಕ್ಕೆ ಸರಿಯಾಗಿದ್ದು ಮಲಗಿದವರು ಬೆಳಿಗ್ಗೆ 6ಕ್ಕೆ ಕೈ ಎತ್ತಲಾಗದೆ ಎದ್ದರೆ, ನಿಮ್ಮ ಚೀಟಿಯಲ್ಲಿ "ರಾತ್ರಿ 10" ಎಂದಿರಬೇಕು. ಗಡುವು ಮೀರಿದೆಯೆಂದು ಮನೆಯಲ್ಲೇ ತೀರ್ಮಾನಿಸಬೇಡಿ, ದೊಡ್ಡ ರಕ್ತನಾಳದ ಹೆಪ್ಪನ್ನು ಆಯ್ದ ರೋಗಿಗಳಲ್ಲಿ 24 ಗಂಟೆಯವರೆಗೂ ತಂತಿ ಹಾಕಿ ತೆಗೆಯುವ ಚಿಕಿತ್ಸೆ ಇದೆ. ಸ್ಕ್ಯಾನ್ ಆಗುವ ಮುನ್ನ ಆಸ್ಪಿರಿನ್ ಕೊಡಬಾರದು, ರಕ್ತಸ್ರಾವದ ಲಕ್ವವಾಗಿದ್ದರೆ ಇನ್ನಷ್ಟು ಕೆಡುತ್ತದೆ. ನೀರು, ಹಾಲು, ನಾಟಿ ಔಷಧಿ ಕುಡಿಸಬಾರದು, ನುಂಗುವ ಶಕ್ತಿ ಹೋಗಿರಬಹುದು.

ಹತ್ತು ನಿಮಿಷ ಕೈ ಸೋತು, ಮಾತು ನಿಂತು, ಮತ್ತೆ ಎಲ್ಲ ಸರಿಹೋದರೆ ಮನೆಯವರು ದೃಷ್ಟಿ ತೆಗೆದು ಸುಮ್ಮನಾಗುತ್ತಾರೆ. ಪೂರ್ಣ ಲಕ್ವದ ಅಪಾಯ ಅತಿ ಹೆಚ್ಚಿರುವುದು ಅದರ ಮುಂದಿನ 48 ಗಂಟೆಗಳಲ್ಲಿ. ತಡೆಯಲು ಸಿಗುವ ಒಳ್ಳೆಯ ಅವಕಾಶವೂ ಅದೇ.

ಜ್ವರ: ಬಿಟ್ಟ ದಿನ ಹೆಚ್ಚು ಎಚ್ಚರ

ಡೆಂಗಿಯ ಬಗ್ಗೆ ಎಲ್ಲರ ಕಣ್ಣೂ ಪ್ಲೇಟ್‌ಲೆಟ್ ಅಂಕಿಯ ಮೇಲೆ. ಜೀವಕ್ಕೆ ಕುತ್ತಾಗುವುದು ಮುಖ್ಯವಾಗಿ ರಕ್ತನಾಳಗಳಿಂದ ರಕ್ತದ ನೀರಿನಂಶ ಸೋರಿ ಹೋಗುವುದು. ಅದು ನಡೆಯುವುದು ಸಾಮಾನ್ಯವಾಗಿ ಜ್ವರದ 3ರಿಂದ 7ನೇ ದಿನದ ನಡುವೆ, ಜ್ವರ ಇಳಿಯುವ ಹೊತ್ತಿಗೆ, ಮತ್ತು ಸುಮಾರು 24ರಿಂದ 48 ಗಂಟೆ ನಡೆಯುತ್ತದೆ. ಎಂದರೆ "ಜ್ವರ ಬಿಡ್ತು, ಇನ್ನೇನು ಆರಾಮ" ಎಂದು ಮನೆಯವರು ನಿಟ್ಟುಸಿರು ಬಿಡುವ ದಿನವೇ ಹಾಸಿಗೆ ಪಕ್ಕ ಕೂರಬೇಕಾದ ದಿನ. ಜ್ವರದಿಂದ ನಿಜವಾಗಿ ಚೇತರಿಸಿಕೊಳ್ಳುವವರಿಗೆ ಹಸಿವು ಮರಳುತ್ತದೆ, ಎದ್ದು ಕೂರುತ್ತಾರೆ. ಕೆಡುತ್ತಿರುವವರು ಮೈ ತಣ್ಣಗಾದರೂ ಇನ್ನಷ್ಟು ಬಾಡುತ್ತಾರೆ.

ಆ ದಿನಗಳಲ್ಲಿ ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆ:

- ಬಿಡದ ಹೊಟ್ಟೆನೋವು
- ಒಂದು ಗಂಟೆಯಲ್ಲಿ 3 ಅಥವಾ 6 ಗಂಟೆಯಲ್ಲಿ 4 ಬಾರಿ ವಾಂತಿ
- ವಸಡು, ಮೂಗಿನಿಂದ ರಕ್ತ, ಕಪ್ಪು ಮಲ, ಮುಟ್ಟಿನ ಸ್ರಾವ ಮಿತಿಮೀರುವುದು
- ಮಂಪರು ಅಥವಾ ಚಡಪಡಿಕೆ
- ಎದ್ದು ನಿಂತರೆ ಕಣ್ಣು ಕತ್ತಲೆ, ತಣ್ಣನೆಯ ಕೈಕಾಲು
- 6 ಗಂಟೆ ಮೂತ್ರವಿಲ್ಲ, ಅಥವಾ ಏದುಸಿರು

ರಕ್ತ ಪರೀಕ್ಷೆಯ ಚೀಟಿಯಲ್ಲಿ ಪ್ಲೇಟ್‌ಲೆಟ್ ಸಾಲಿನ ಜೊತೆಗೆ ಪಿಸಿವಿ ಅಥವಾ ಹೆಮಟೋಕ್ರಿಟ್ ಎಂಬ ಸಾಲನ್ನೂ ಓದಿ. ನಿನ್ನೆ 38 ಇದ್ದದ್ದು ಇವತ್ತು 46 ಆಗಿದ್ದರೆ ರಕ್ತ ಗಟ್ಟಿಯಾಗುತ್ತಿದೆ, ನೀರಿನಂಶ ಸೋರುತ್ತಿದೆ ಎಂದರ್ಥ. ಶೇ. 20ರಷ್ಟು ಏರಿಕೆ ಗಂಭೀರ. ಬಿಪಿಯ ಮೇಲಿನ ಮತ್ತು ಕೆಳಗಿನ ಅಂಕಿಗಳ ಅಂತರ 20ಕ್ಕೆ ಇಳಿದಿದ್ದರೆ, ಉದಾಹರಣೆಗೆ 100/80, ಮೇಲಿನ ಅಂಕಿ ಚೆನ್ನಾಗಿ ಕಂಡರೂ ಅದು ರಕ್ತ ಸಂಚಾರ ಸೋಲುತ್ತಿರುವ ಸ್ಥಿತಿ (ಶಾಕ್). ಪಪ್ಪಾಯಿ ಎಲೆಯ ರಸ ಕುಡಿಸಿ ಈ ಎರಡು ದಿನ ಕಳೆಯಬೇಡಿ. ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ. ದೊಡ್ಡವರಿಗೆ 500 ಅಥವಾ 650 ಮಿ.ಗ್ರಾಂ., 6 ಗಂಟೆಗೊಮ್ಮೆ. ಮಕ್ಕಳಿಗೆ ತೂಕದ ಪ್ರತಿ ಕಿಲೋಗೆ 10ರಿಂದ 15 ಮಿ.ಗ್ರಾಂ. ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ರಕ್ತಸ್ರಾವ ಹೆಚ್ಚಿಸುತ್ತವೆ, ಮೈಕೈ ನೋವಿಗೆಂದು ಹಾಕಿಸಿಕೊಳ್ಳುವ ಇಂಜೆಕ್ಷನ್‌ನಲ್ಲಿ ಡೈಕ್ಲೊಫೆನಾಕ್ ಇರುವುದು ಸಾಮಾನ್ಯ. ಕೇಳಿ ತಿಳಿದುಕೊಳ್ಳಿ.

ಜ್ವರದಲ್ಲಿ ಊರು, ಕಸುಬು, ಕಾಲ ಬಹಳ ಹೇಳುತ್ತವೆ. ಮಳೆಗಾಲದಲ್ಲಿ ಗದ್ದೆಗಿಳಿದವರಿಗೆ, ಚರಂಡಿ ಕೆಲಸದವರಿಗೆ ಜ್ವರದ ಜೊತೆ ಕಣ್ಣು ಕೆಂಪು, ಮೀನಖಂಡ ಮುಟ್ಟಲಾಗದಷ್ಟು ನೋವು, ಆಮೇಲೆ ಕಣ್ಣು ಹಳದಿ, ಮೂತ್ರ ಕಡಿಮೆ ಎಂದಾದರೆ ಇಲಿಜ್ವರ ಇರಬಹುದು. ಇದನ್ನು ಕಾಮಾಲೆ ಎಂದುಕೊಂಡು ನಾಟಿ ಔಷಧಿಗೆ ಹೋದರೆ ಕಿಡ್ನಿ ಕೆಡುತ್ತದೆ. ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಾದ ಮಂಗನ ಕಾಯಿಲೆ ಚಳಿಗಾಲದಿಂದ ಮಳೆ ಬೀಳುವವರೆಗೆ ಕಾಡುತ್ತದೆ. ದರಗು, ಸೌದೆಗೆಂದು ಕಾಡಿಗೆ ಹೋಗಿಬಂದವರಿಗೆ ದಿಢೀರ್ ಜ್ವರ, ವಿಪರೀತ ತಲೆನೋವು, ಮೈಕೈ ನೋವು ಬಂದರೆ ಉಣುಗು ಕಚ್ಚಿದ್ದನ್ನೂ ಹತ್ತಿರದಲ್ಲಿ ಮಂಗ ಸತ್ತಿದ್ದನ್ನೂ ವೈದ್ಯರಿಗೆ ಹೇಳಿ. ಕೆಲವರಲ್ಲಿ ಜ್ವರ ಬಿಟ್ಟು ಒಂದೆರಡು ವಾರಕ್ಕೆ ಮತ್ತೆ ಬಂದು ತಲೆನೋವು, ಗೊಂದಲ, ನಡುಕ ಕಾಣಿಸಿಕೊಳ್ಳುತ್ತದೆ. ಪೊದೆ, ಹುಲ್ಲಿನಲ್ಲಿ ಕೆಲಸ ಮಾಡಿದವರ ಬಿಡದ ಜ್ವರದಲ್ಲಿ ಕಂಕುಳು, ತೊಡೆಸಂದು, ಸೊಂಟಪಟ್ಟಿಯ ಜಾಗ ಬಿಚ್ಚಿ ನೋಡಿ. ನೋವಿಲ್ಲದ ಒಂದು ಕಪ್ಪು ಹಕ್ಕಳೆ ಸಿಕ್ಕರೆ ಸ್ಕ್ರಬ್ ಟೈಫಸ್ (ನುಸಿಯಂಥ ಸಣ್ಣ ಹುಳ ಕಚ್ಚಿ ಬರುವ ಜ್ವರ) ಇರಬಹುದು. ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆಯಲ್ಲೇ ವಾಸಿಯಾಗುತ್ತದೆ, ತಡವಾದರೆ ಶ್ವಾಸಕೋಶ, ಕಿಡ್ನಿಗೆ ಇಳಿಯುತ್ತದೆ. ರೋಗಿಯ ಕಣ್ಣಿಗೆ ಬೀಳದ ಜಾಗದಲ್ಲಿರುವುದರಿಂದ ಈ ಗುರುತನ್ನು ಬೇರೆಯವರೇ ಹುಡುಕಬೇಕು.

ಮಕ್ಕಳಲ್ಲಿ ಕೆಮ್ಮು, ಭೇದಿ

ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೆ ಬೇರೆ ಗುರುತಿಗೆ ಕಾಯುವಂತಿಲ್ಲ. ಹಾಲು ಎಳೆಯದಿರುವುದು, ಮೈ ತಣ್ಣಗಾಗುವುದು ಕೂಡ ಅಷ್ಟೇ ಗಂಭೀರ.

ಕೆಮ್ಮು, ಶೀತವಿರುವ ಮಗು ಅಳು ನಿಲ್ಲಿಸಿ ಶಾಂತವಾದಾಗ ಅಂಗಿ ಎತ್ತಿ ಒಂದು ನಿಮಿಷ ಉಸಿರೆಣಿಸಿ. 2 ತಿಂಗಳೊಳಗೆ 60, 2ರಿಂದ 11 ತಿಂಗಳವರೆಗೆ 50, 1ರಿಂದ 5 ವರ್ಷದವರೆಗೆ 40 ಅಥವಾ ಅದಕ್ಕೂ ಹೆಚ್ಚಿದ್ದರೆ ನ್ಯುಮೋನಿಯಾ ಎಂದೇ ತೋರಿಸಬೇಕು. ಉಸಿರು ಒಳಗೆಳೆದಾಗ ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಸೆಳೆದುಕೊಂಡರೆ, ಅದೇ ಪಕ್ಕೆ ಸೆಳೆತ, ಅದೂ ನ್ಯುಮೋನಿಯಾದ ಗುರುತೇ. ಕುಡಿಯಲಾಗದಿರುವುದು, ಕೊಟ್ಟದ್ದನ್ನೆಲ್ಲ ವಾಂತಿ ಮಾಡುವುದು, ಪಿಟ್ಸ್, ಮಂಪರು: ಯಾವ ಕಾಯಿಲೆಯಲ್ಲೇ ಇವು ಕಾಣಲಿ, ದಾಖಲಾಗಲೇಬೇಕು.

ಭೇದಿಯಲ್ಲಿ ಕಣ್ಣು ಗುಳಿ ಬೀಳುವುದು, ಅತ್ತರೂ ಕಣ್ಣೀರಿಲ್ಲದಿರುವುದು, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ 2 ಸೆಕೆಂಡ್ ಮೀರಿ ಮಡಿಕೆ ನಿಲ್ಲುವುದು ನೋಡಿ. ಓಆರ್‌ಎಸ್ ಪೊಟ್ಟಣವನ್ನು ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಪೂರ್ತಿ ಸುರಿಯಬೇಕು (200 ಮಿ.ಲೀ.ಯ ಸಣ್ಣ ಪೊಟ್ಟಣಗಳೂ ಇವೆ, ಮೇಲೆ ಬರೆದದ್ದನ್ನು ಓದಿ). ದೊಡ್ಡ ಪೊಟ್ಟಣವನ್ನು ಸ್ವಲ್ಪ ಸ್ವಲ್ಪವಾಗಿ ಲೋಟಕ್ಕೆ ಅಂದಾಜಿನಲ್ಲಿ ಕಲಸುವುದು ಎಲ್ಲ ಕಡೆ ನಡೆಯುವ ತಪ್ಪು. ಗಟ್ಟಿಯಾದರೆ ರಕ್ತದಲ್ಲಿ ಸೋಡಿಯಂ ಏರಿ ಮಗುವಿಗೆ ಪಿಟ್ಸ್ ಬರಬಹುದು, ತೆಳುವಾದರೆ ಉಪಯೋಗವಿಲ್ಲ. ಪೊಟ್ಟಣ ಸಿಗದಿದ್ದರೆ ಲೀಟರ್ ನೀರಿಗೆ ಸಮತಟ್ಟಾದ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಪ್ರತಿ ಭೇದಿಗೆ 2 ವರ್ಷದೊಳಗಿನವರಿಗೆ 50ರಿಂದ 100 ಮಿ.ಲೀ., ದೊಡ್ಡ ಮಕ್ಕಳಿಗೆ 100ರಿಂದ 200 ಮಿ.ಲೀ., ಚಮಚದಲ್ಲಿ ನಿಧಾನವಾಗಿ. ವಾಂತಿಯಾದರೆ 10 ನಿಮಿಷ ಬಿಟ್ಟು ಮತ್ತೆ ಶುರು ಮಾಡಿ. ಎದೆಹಾಲು ನಿಲ್ಲಿಸಬೇಡಿ. ಜೊತೆಗೆ 14 ದಿನ ಜಿಂಕ್, 6 ತಿಂಗಳು ದಾಟಿದವರಿಗೆ ದಿನಕ್ಕೆ 20 ಮಿ.ಗ್ರಾಂ., 2ರಿಂದ 6 ತಿಂಗಳಿನವರಿಗೆ 10. ಆಶಾ ಕಾರ್ಯಕರ್ತೆಯರ ಬಳಿ ಎರಡೂ ಸಿಗುತ್ತವೆ. ಮಲದಲ್ಲಿ ರಕ್ತ ಕಂಡರೆ ವೈದ್ಯರೇ ನೋಡಬೇಕು.

ಹೊಟ್ಟೆನೋವು

ಹೊಕ್ಕುಳ ಸುತ್ತ ಶುರುವಾಗಿ ಕೆಲವು ಗಂಟೆಗಳಲ್ಲಿ ಬಲಗಡೆ ಕೆಳಹೊಟ್ಟೆಗೆ ಇಳಿದು, ಕೆಮ್ಮಿದರೆ, ಗಾಡಿ ಕುಲುಕಿದರೆ ಜೋರಾಗುವ ನೋವು ಅಪೆಂಡಿಸೈಟಿಸ್. ಇದ್ದಕ್ಕಿದ್ದಂತೆ ನೋವು ಹಗುರಾಗಿ, ಆಮೇಲೆ ಇಡೀ ಹೊಟ್ಟೆ ಹಲಗೆಯಂತೆ ಬಿಗಿದುಕೊಂಡರೆ ಒಳಗೆ ಒಡೆದಿದೆ. ಮುಟ್ಟು ತಪ್ಪಿರುವ ಹೆಣ್ಣುಮಗಳಿಗೆ ಕೆಳಹೊಟ್ಟೆಯ ಒಂದು ಬದಿ ನೋವು, ತಲೆಸುತ್ತು ಬಂದರೆ ಗರ್ಭನಾಳದಲ್ಲಿ ಬಸಿರು ನಿಂತಿರಬಹುದು. ಹೊರಗೆ ರಕ್ತ ಕಾಣದೆಯೂ ಹೊಟ್ಟೆಯೊಳಗೆ ಲೀಟರ್‌ಗಟ್ಟಲೆ ಹೋಗಿರಬಹುದು. ಮದುವೆಯಾಗಿಲ್ಲ ಎಂಬ ಕಾರಣಕ್ಕೆ ಮೂತ್ರ ಪರೀಕ್ಷೆ ಬೇಡ ಎನ್ನಬೇಡಿ, ವೈದ್ಯರು ಹುಡುಗಿಯನ್ನು ಒಬ್ಬಳೇ ಮಾತಾಡಿಸಲು ಬಿಡಿ. ಹದಿಹರೆಯದ ಹುಡುಗರು ವೃಷಣದ ನೋವನ್ನು ನಾಚಿಕೆಗೆ "ಹೊಟ್ಟೆನೋವು" ಎನ್ನುತ್ತಾರೆ. ವೃಷಣ ತಿರುಚಿದ್ದರೆ ಸುಮಾರು 6 ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದರೆ ಉಳಿಯುತ್ತದೆ, ತಡವಾದರೆ ತೆಗೆಯಬೇಕಾಗುತ್ತದೆ. ಕೇಳಿ ತಿಳಿದುಕೊಳ್ಳಬೇಕಾದವರು ದೊಡ್ಡವರೇ.

ಹಳ್ಳಿ ಮನೆಗಳಿಗೆ ಇನ್ನೊಂದು. ನೆಲದ ಮೇಲೆ ಮಲಗಿದ್ದವರು ನಡುರಾತ್ರಿ, ಬೆಳಗಿನ ಜಾವ ಹೊಟ್ಟೆನೋವು, ವಾಂತಿ, ಗಂಟಲು ನೋವು ಎಂದು ಎದ್ದು, ರೆಪ್ಪೆ ಜೋತುಬೀಳುತ್ತಿದ್ದರೆ, ಉಗುಳು ನುಂಗಲು ಆಗದಿದ್ದರೆ, ಕಟ್ಟುಹಾವು ಕಚ್ಚಿದೆಯೆಂದೇ ತಿಳಿಯಿರಿ. ಅದರ ಕಡಿತಕ್ಕೆ ಊತವಿಲ್ಲ, ಹೆಚ್ಚು ನೋವಿಲ್ಲ, ಹಲ್ಲಿನ ಗುರುತೂ ಕಾಣದಿರಬಹುದು. ವಿಷನಿರೋಧಕವೂ ವೆಂಟಿಲೇಟರೂ ಇರುವ ಆಸ್ಪತ್ರೆಗೆ ಹೋಗಬೇಕು, ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ಹಾವು ಕಡಿತವನ್ನು ಕರ್ನಾಟಕ ಸರ್ಕಾರ 2024ರಲ್ಲಿ ಅಧಿಸೂಚಿತ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ, ಆಸ್ಪತ್ರೆಗಳು ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕು.

ಗರ್ಭಿಣಿ, ಬಾಣಂತಿ

ಐದು ತಿಂಗಳು ತುಂಬಿದ ಮೇಲೆ, ಹೆರಿಗೆಯಾಗಿ ಆರು ವಾರದವರೆಗೂ, ಬಿಡದ ತಲೆನೋವು, ಕಣ್ಣು ಮಂಜು, ಕಣ್ಣೆದುರು ಮಿಂಚು, ಪಕ್ಕೆಲುಬಿನ ಕೆಳಗೆ ನೋವು, ಮುಖ ಕೈ ಊತ ಕಂಡರೆ ಅದೇ ಹೊತ್ತಿಗೆ ಬಿಪಿ ನೋಡಿಸಿ. 140/90 ಇದ್ದರೆ ಅದೇ ದಿನ ವೈದ್ಯರು, 160/110 ಮುಟ್ಟಿದರೆ ಆಂಬುಲೆನ್ಸ್. ಮುಂದಿನ ಹಂತ ಪಿಟ್ಸ್. "ಬಸುರಿಗೆ ಊತ ಸಹಜ" ಎಂಬ ಹಿರಿಯರ ಮಾತು ಸಂಜೆಯ ಪಾದದ ಊತಕ್ಕೆ ಸರಿ, ಮುಖದ ಊತಕ್ಕಲ್ಲ. ಮಗುವಿನ ಮಿಸುಕಾಟ ಕಡಿಮೆಯಾದರೆ, ರಕ್ತ ಕಂಡರೆ, ನೀರು ಹೋದರೆ ಬೆಳಗಾಗುವವರೆಗೆ ಕಾಯಬೇಡಿ. ಬಾಣಂತಿಗೆ ಜ್ವರ, ವಾಸನೆಯ ಸ್ರಾವ, ಅಥವಾ ಗಂಟೆಗೊಂದು ಪ್ಯಾಡ್ ತೋಯುವಷ್ಟು ರಕ್ತ ಎಂದರೂ ಹಾಗೇ. ತಾಯಿ ಕಾರ್ಡ್ ಜೊತೆಯಲ್ಲಿರಲಿ.

ಸೊಂಟ, ಕಾಲು, ಮತ್ತು ನಿಧಾನವಾಗಿ ಬರುವವು

ಸೊಂಟನೋವಿನವರನ್ನು ಕೇಳಬೇಕಾದ ಪ್ರಶ್ನೆ ಮುಜುಗರದ್ದು, ಆದರೂ ಕೇಳಲೇಬೇಕು: ಮೂತ್ರ ಕಟ್ಟಿದೆಯೇ, ಮಲ ಮೂತ್ರ ಗೊತ್ತಿಲ್ಲದೆ ಹೋಗುತ್ತಿದೆಯೇ, ಕೂರುವ ಜಾಗ, ಗುಪ್ತಾಂಗದ ಸುತ್ತ ಜೋಮು ಹಿಡಿದಿದೆಯೇ, ಎರಡೂ ಕಾಲು ಸೋಲುತ್ತಿವೆಯೇ? ಒಂದಕ್ಕೆ ಹೌದು ಎಂದರೂ ಬೆನ್ನುಮೂಳೆಯ ಕೆಳತುದಿಯ ನರಗಳ ಗೊಂಚಲು ಒತ್ತಿಹೋಗಿರಬಹುದು, ಅದೇ ದಿನ ಎಂಆರ್‌ಐ ಆಗಬೇಕು. ರಾತ್ರಿ ಮಲಗಿದಾಗಲೂ ಬಿಡದ ನೋವು, ಸಂಜೆ ಜ್ವರ, ತೂಕ ಇಳಿಕೆ ಇದ್ದರೆ ಬೆನ್ನುಮೂಳೆಯ ಕ್ಷಯ ಅಥವಾ ಗಡ್ಡೆ ಹುಡುಕಬೇಕು. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದು, ಇದ್ದಕ್ಕಿದ್ದಂತೆ ಏದುಸಿರು ಬಂದರೆ ಕಾಲಿನ ಹೆಪ್ಪು ಶ್ವಾಸಕೋಶಕ್ಕೆ ಹೋಗಿರಬಹುದು. ಆ ಕಾಲನ್ನು ನೀವಬೇಡಿ.

ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಅಡಿಕೆ, ಗುಟ್ಕಾ ಅಗಿಯುವವರ ಬಾಯಲ್ಲಿ ಮೂರು ವಾರವಾದರೂ ಮಾಯದ ಹುಣ್ಣು, ನುಂಗುವಾಗ ತಡೆ, ಸ್ತನದಲ್ಲಿ ಗಂಟು, ಮುಟ್ಟು ನಿಂತ ಮೇಲೆ ಮತ್ತೆ ರಕ್ತ, ಕಾರಣವಿಲ್ಲದೆ ಆರು ತಿಂಗಳಲ್ಲಿ ತೂಕದ ಶೇ. 5 ಇಳಿದಿರುವುದು: ಇವು ಇವತ್ತಿನ ರಾತ್ರಿಯ ತುರ್ತಲ್ಲ, ಈ ವಾರದ ಕೆಲಸ.

ಹೊರಡುವಾಗ

ಫೋನಿನಲ್ಲಿ "ಬೇಗ ಬನ್ನಿ, ಸೀರಿಯಸ್" ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಹೀಗೆ ಹೇಳಿ: "ನಮ್ಮ ತಂದೆಗೆ 58 ವರ್ಷ, ಶುಗರ್ ಇದೆ. ರಾತ್ರಿ 9.20ರಿಂದ ಎದೆ ಬಿಗಿತ, ಬೆವರು. ಎಚ್ಚರ ಇದೆ, ಉಸಿರು ನಿಮಿಷಕ್ಕೆ 26. ಮನೆ ಇಂಥ ದೇವಸ್ಥಾನದ ಹಿಂದೆ." ಅದೇ ವಿವರವನ್ನು ಚೀಟಿಯಲ್ಲಿ ಬರೆದು, ಜೊತೆಗೆ ನುಂಗುವ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳು, ಹಳೆಯ ಇಸಿಜಿ, ಆಯುಷ್ಮಾನ್ ಕಾರ್ಡ್, ಕೊನೆಯ ಊಟದ ಮತ್ತು ಮೂತ್ರದ ಹೊತ್ತು ಇಟ್ಟುಕೊಳ್ಳಿ. ದಾರಿಯಲ್ಲಿ ಕೊಟ್ಟ ಪ್ರತಿ ಮಾತ್ರೆ, ಹಾಕಿಸಿದ ಪ್ರತಿ ಇಂಜೆಕ್ಷನ್ ಹೇಳಿ, ನಾಟಿ ಔಷಧಿಯನ್ನೂ ಮುಚ್ಚಿಡಬೇಡಿ. ಕ್ಯಾಷುಯಾಲಿಟಿಯಲ್ಲಿ ಚೀಟಿಯನ್ನು ನರ್ಸ್ ಕೈಗೇ ಕೊಡಿ.

ಪರೀಕ್ಷೆ ಮಾಡಿ ಮನೆಗೆ ಕಳಿಸಿದರೆ ಹೊರಡುವ ಮುನ್ನ ವೈದ್ಯರನ್ನು ಮೂರು ಮಾತು ಕೇಳಿ: ಇದು ಏನಿರಬಹುದೆಂದು ನಿಮ್ಮ ಅಂದಾಜು? ಏನು ಕಂಡರೆ ರಾತ್ರಿಯಾದರೂ ವಾಪಸ್ ಬರಬೇಕು? ಏನೂ ಕಾಣದಿದ್ದರೂ ಮತ್ತೆ ಯಾವಾಗ ತೋರಿಸಬೇಕು? ಉತ್ತರವನ್ನು ಅದೇ ಚೀಟಿಯ ಹಿಂದೆ ಬರೆಸಿಕೊಂಡು, ರಾತ್ರಿ ಪಕ್ಕದಲ್ಲಿ ಮಲಗುವವರಿಗೆ ಓದಿ ಹೇಳಿ.